ಕುಣಿಕೆಯೊಳಗೆ ಏನಿದೆ ನೋಡಿ, ಆಮೇಲೆ ಗಂಟು ಹಾಕಿ

ನಮ್ಮೂರು ಪಾಂಡವಪುರದ ಹತ್ತಿರ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸಂಕ್ರಾಂತಿಗೆ ಅಂತ ಅಪ್ಪ ಸಂತೆಯಿಂದ ಹೊಸ ಹಗ್ಗಗಳನ್ನು ತಂದಿದ್ದರು. ಎತ್ತಿಗೆ ಮೂಗುದಾರ, ಹಸುವಿಗೆ ಕೊರಳ ಹಗ್ಗ, ಕರುವಿಗೆ ಕಣ್ಣಿ. ಕರುವನ್ನು ನಾನೇ ಕಟ್ಟುತ್ತೇನೆ ಅಂತ ಹಠ ಹಿಡಿದೆ. ಆಗ ನನಗೆ ಗೊತ್ತಿದ್ದದ್ದು ಒಂದೇ ಗಂಟು. ಬಾವಿಯಲ್ಲಿ ನೀರು ಸೇದುವಾಗ ಬಿಂದಿಗೆಯ ಕಂಠಕ್ಕೆ ಹಾಕುವ ಜೀರುಗುಣಿಕೆ. ಅದನ್ನೇ ಕರುವಿನ ಕುತ್ತಿಗೆಗೆ ಹಾಕಿ ಗೂಟಕ್ಕೆ ಕಟ್ಟಿದೆ.

ಸಂಜೆ ಕಿಚ್ಚು ಹಾಯಿಸುವ ಹೊತ್ತಿಗೆ ತಮಟೆ ಶುರುವಾಯಿತು. ಕರು ಬೆದರಿ ಎಳೆದಾಡಿತು. ಎಳೆದಷ್ಟೂ ಕುಣಿಕೆ ಬಿಗಿಯಿತು. ನಾಲಿಗೆ ಹೊರಗೆ ಬಂದಿತ್ತು. ಅಪ್ಪ ಓಡಿ ಬಂದು, ಗಂಟು ಬಿಚ್ಚಲು ನೋಡಿ, ಆಗದೆ, ಕುಡುಗೋಲಿನಿಂದ ಹೊಸ ಹಗ್ಗವನ್ನೇ ಕೊಯ್ದರು. ಕರು ಉಳಿಯಿತು.

ಅವರು ಬೈಯಲಿಲ್ಲ. ಮಾರನೇ ಬೆಳಿಗ್ಗೆ ಜಗಲಿ ಮೇಲೆ ಕೂರಿಸಿಕೊಂಡು ಆ ಕೊಯ್ದ ಹಗ್ಗವನ್ನೇ ಕೈಗೆ ಕೊಟ್ಟರು. "ಬಿಂದ್ಗೆಗೆ ಉಸ್ರಿಲ್ಲ ಕಣವ್ವ. ಕರೂಗೆ ಉಸ್ರೈತೆ" ಅಂದರು. ಆಮೇಲೆ ಎಳೆದರೂ ಬಿಗಿಯದ ಕುಣಿಕೆ ಹೇಗೆ ಹಾಕುವುದು ಅಂತ ತೋರಿಸಿದರು.

ಈಗ ನಾನು ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ಬಂಡೆ ಹತ್ತಲು ಶುರು ಮಾಡಿ ಹದಿನೆಂಟು ವರ್ಷವಾಯಿತು. ಭಾನುವಾರಗಳಲ್ಲಿ ಕುಂತಿ ಬೆಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಬಂಡೆ ಮುಟ್ಟುವ ಮೊದಲು ಅರ್ಧ ದಿನ ಬರೀ ಗಂಟು. ಮಕ್ಕಳಿಗೆ ಬೇಜಾರಾಗುತ್ತದೆ, ಆದರೂ ಬಿಡುವುದಿಲ್ಲ. ಗಂಟು ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಸುತ್ತೇನೆ. ಕುಣಿಕೆಯೊಳಗೆ ಏನಿದೆ? ಇದನ್ನು ಯಾರು, ಯಾವಾಗ ಬಿಚ್ಚಬೇಕು? ಇವೆರಡಕ್ಕೆ ಉತ್ತರ ಸಿಕ್ಕರೆ ಯಾವ ಗಂಟು ಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಬಿಚ್ಚಲು ಬಾರದ ಗಂಟೇ ಗಟ್ಟಿ ಗಂಟು ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಅದು ಕಗ್ಗಂಟು. ಭಾರ ಬಿದ್ದಾಗ ಹಿಡಿಯಬೇಕು, ಕೆಲಸ ಮುಗಿದ ಮೇಲೆ ಬಿಚ್ಚಿಕೊಳ್ಳಬೇಕು. ಎರಡೂ ಮಾಡುವುದೇ ಒಳ್ಳೆಯ ಗಂಟು.

ಮೊದಲು ಹಗ್ಗದ ವಿಷಯ

ಮನೆಯಲ್ಲಿರುವ ಹಗ್ಗವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ತೆಂಗಿನ ನಾರಿನದು, ಕತ್ತಾಳೆಯದು ಒರಟಾಗಿರುತ್ತದೆ. ಗಂಟು ಕಚ್ಚಿ ಕೂರುತ್ತದೆ. ಆದರೆ ನೆನೆದು ನೆನೆದು ಒಳಗೇ ಕೊಳೆಯುತ್ತದೆ. ಹುರಿಯನ್ನು ಸ್ವಲ್ಪ ಬಿಡಿಸಿ ಒಳಗಿನ ಎಳೆ ನೋಡಿ. ಕಪ್ಪಾಗಿ ಪುಡಿ ಉದುರಿದರೆ ಆ ಹಗ್ಗಕ್ಕೆ ಭಾರ ಹಾಕಬೇಡಿ. ಬಣ್ಣಬಣ್ಣದ ಪ್ಲಾಸ್ಟಿಕ್ ಹಗ್ಗ ಅಗ್ಗ, ನೀರಿನಲ್ಲಿ ತೇಲುತ್ತದೆ, ಕೊಳೆಯುವುದಿಲ್ಲ. ಆದರೆ ಜಾರುತ್ತದೆ. ಅದರಲ್ಲಿ ಹಾಕಿದ ಗಂಟು ತಾನಾಗೇ ಸಡಿಲವಾಗುತ್ತದೆ. ಒಂದು ಸುತ್ತು ಜಾಸ್ತಿ ಹಾಕಿ, ತುದಿ ಉದ್ದ ಬಿಡಿ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದ ಪ್ಲಾಸ್ಟಿಕ್ ಹಗ್ಗ ಮುಟ್ಟಿದರೆ ಸಿಬಿರು ಸಿಬಿರಾಗಿ ಕೈಗೆ ಚುಚ್ಚುತ್ತದಲ್ವಾ, ಅದರ ಆಯಸ್ಸು ಮುಗಿದಿದೆ.

ಮನೆ ಬಳಕೆಗೆ ನೈಲಾನ್ ಹಗ್ಗ ಒಳ್ಳೆಯದು. ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಆದರೆ ತೂಗಿ ಕೊಡುವ ಹಗ್ಗದಲ್ಲಿ ಬಂಡೆ ಹತ್ತಬಾರದು. ಎಷ್ಟೇ ದಪ್ಪ ಇರಲಿ, ಬೇಡ.

ಬಂಡೆ ಹತ್ತುವ ಹಗ್ಗ ಬೇರೆಯೇ. ಒಳಗೆ ನೈಲಾನ್ ಎಳೆಗಳ ತಿರುಳು, ಮೇಲೆ ಹೆಣೆದ ಸಿಪ್ಪೆ. ದಪ್ಪ 9ರಿಂದ 10.5 ಮಿ.ಮೀ. ಇದನ್ನು ಡೈನಾಮಿಕ್ ಹಗ್ಗ ಅನ್ನುತ್ತಾರೆ. ಬಿದ್ದಾಗ ಇದು ಹಿಗ್ಗುತ್ತದೆ. ಹಿಗ್ಗುವುದರಿಂದಲೇ ಸೊಂಟ ಮುರಿಯದೆ ಉಳಿಯುತ್ತದೆ. ಒಂದೇ ಹಗ್ಗವಾಗಿ ಬಳಸುವ ಇಂಥ ಹಗ್ಗಕ್ಕೆ ಇಎನ್ 892 ಅಂತ ಯುರೋಪಿನ ಒಂದು ಅಳತೆಗೋಲಿದೆ. 80 ಕೆ.ಜಿ. ಭಾರವನ್ನು ಮತ್ತೆ ಮತ್ತೆ ಜೋರಾಗಿ ಬೀಳಿಸಿದರೆ ಕಡಿಮೆ ಎಂದರೂ ಐದು ಸಲ ತಡೆಯಬೇಕು. ತುದಿಯಲ್ಲಿ ಅಂಟಿಸಿದ ಪಟ್ಟಿಯ ಮೇಲೆ ಇಎನ್ 892 ಅಂತ ಇದೆಯಾ ನೋಡಿ. ಹಿಗ್ಗದ ಸ್ಟಾಟಿಕ್ ಹಗ್ಗ ಸಾಮಾನು ಎತ್ತಲು, ಇಳಿಯಲು ಸರಿ. ಅದನ್ನು ಕಟ್ಟಿಕೊಂಡು ಮುಂದಾಳಾಗಿ, ಅಂದರೆ ಮೇಲಿಂದ ಹಗ್ಗದ ಆಸರೆಯಿಲ್ಲದೆ ಮೊದಲಿಗರಾಗಿ, ಹತ್ತಿ ಬಿದ್ದರೆ, ಹಗ್ಗ ತುಂಡಾಗದಿದ್ದರೂ ಆ ಪೆಟ್ಟನ್ನು ಮೈ ತಾಳಲಾರದು.

ಹತ್ತುವ ಮೊದಲು ಪ್ರತಿ ಸಲ ಇಡೀ ಹಗ್ಗವನ್ನು ಬೆರಳ ನಡುವೆ ಹಾಯಿಸಿ. ಅಲ್ಲಲ್ಲಿ ಬಗ್ಗಿಸಿ ನೋಡಿ. ಒಳ್ಳೆಯ ಹಗ್ಗ ದುಂಡಗೆ ಬಾಗುತ್ತದೆ. ಒಂದು ಕಡೆ ಮಾತ್ರ ಕಾಗದದಂತೆ ಚೂಪಾಗಿ ಮಡಚಿಕೊಂಡರೆ ಅಲ್ಲಿ ತಿರುಳು ಹಾಳಾಗಿದೆ. ಬೈಕಿನ ಬ್ಯಾಟರಿ ಇಟ್ಟ ಡಿಕ್ಕಿಯಲ್ಲಿ, ಆಸಿಡ್ ಬಾಟಲಿ ಇರುವ ಬಚ್ಚಲಲ್ಲಿ ಹಗ್ಗ ಇಡಲೇಬೇಡಿ. ಆಸಿಡ್ ನೈಲಾನನ್ನು ತಿನ್ನುತ್ತದೆ, ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಾತು. ಹಗ್ಗಕ್ಕೆ ಗಂಟು ಹಾಕಿದ ಕೂಡಲೇ ಅದರ ಬಲ ಕಡಿಮೆಯಾಗುತ್ತದೆ. ಗಂಟಿನಲ್ಲಿ ಹಗ್ಗ ಬಾಗುತ್ತದೆ, ಬಾಗಿದ ಕಡೆ ಹೊರಗಿನ ಎಳೆಗಳ ಮೇಲೇ ಭಾರವೆಲ್ಲ ಬೀಳುತ್ತದೆ. ಒಳ್ಳೆಯ ಗಂಟಿನಲ್ಲೂ ಹೆಚ್ಚುಕಡಿಮೆ ಕಾಲು ಭಾಗ ಬಲ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಅದಕ್ಕೇ ಬೇಡದ ಕಡೆ ಗಂಟು ಹಾಕಬಾರದು.

ಮುಂದೆ ಹೇಳುವಾಗ ಮೂರು ಪದ ಬಳಸುತ್ತೇನೆ. ಕೈಯಲ್ಲಿ ಹಿಡಿದು ಗಂಟು ಹಾಕುವ ಕಡೆ "ತುದಿ". ಭಾರ ಬೀಳುವ ಉದ್ದನೆಯ ಕಡೆ "ಮೂಲ". ತುದಿ ಮೂಲವನ್ನು ದಾಟಿ ಆಗುವ ಉಂಗುರ "ಕುಣಿಕೆ". ಎರಡು ಮೀಟರ್ ಹಗ್ಗ ಕೈಯಲ್ಲಿ ಇಟ್ಟುಕೊಂಡೇ ಓದಿ.

ಎಂಟರ ಗಂಟು

ಒಂದೇ ಗಂಟು ಕಲಿಯುವುದಾದರೆ ಇದನ್ನು ಕಲಿಯಿರಿ. ಕನ್ನಡದ ೮ ಅಲ್ಲ, ಇಂಗ್ಲಿಷಿನ 8. ಒಂದರ ಮೇಲೊಂದು ಎರಡು ಹೊಟ್ಟೆ.

ತುದಿಯನ್ನು ಬಲಗೈಯಲ್ಲಿ ಹಿಡಿದು ತೋಳು ಪೂರ್ತಿ ಚಾಚಿ. ಹಗ್ಗವನ್ನು ಗಲ್ಲದ ತನಕ ತನ್ನಿ. ಅಷ್ಟು ಉದ್ದ ಬೇಕು. ಅಲ್ಲಿ ತುದಿಯನ್ನು ಮೂಲದ ಮೇಲೆ ಹಾಯಿಸಿ ಕುಣಿಕೆ ಮಾಡಿ. ಈಗ ತುದಿಯನ್ನು ಮೂಲದ ಹಿಂದಿನಿಂದ ಸುತ್ತಿ ಮತ್ತೆ ಮುಂದಕ್ಕೆ ತನ್ನಿ. ಮುಂದಿನಿಂದ ಕುಣಿಕೆಯೊಳಗೆ ತೂರಿಸಿ ಎಳೆಯಿರಿ. 8 ಕಾಣಿಸಬೇಕು. ಸುತ್ತದೆ ಹಾಗೇ ತೂರಿಸಿದ್ದರೆ ಅದು ಸುಮ್ನೆ ಒಂಟಿ ಗಂಟಾಗುತ್ತದೆ. ಒಂಟಿ ಗಂಟು ಭಾರ ಬಿದ್ದರೆ ಕಲ್ಲಿನಂತೆ ಕಚ್ಚಿಕೊಳ್ಳುತ್ತದೆ, ಎಂಟರದ್ದು ಅಷ್ಟು ಕಚ್ಚುವುದಿಲ್ಲ. ಆ ಅರ್ಧ ಸುತ್ತಿನಲ್ಲೇ ವ್ಯತ್ಯಾಸವೆಲ್ಲ ಇರುವುದು.

ಬಂಡೆ ಹತ್ತುವವರು ಈ ಗಂಟನ್ನು ಸೊಂಟಕ್ಕೂ ತೊಡೆಗೂ ಹಾಕಿಕೊಳ್ಳುವ ಪಟ್ಟಿಯಾದ ಹಾರ್ನೆಸ್‌ಗೆ ಸೇರಿಸಿ ಇಮ್ಮಡಿ ಮಾಡುತ್ತಾರೆ. ಮೊದಲು ಒಂದು ಎಂಟು. ಆಮೇಲೆ ತುದಿಯನ್ನು ಹಾರ್ನೆಸ್‌ನ ಕೆಳಗಿನ ಬಳೆಗೆ, ಅಂದರೆ ಎರಡು ತೊಡೆಪಟ್ಟಿ ಸೇರುವ ಕಡೆ, ತೂರಿಸಿ. ಅಲ್ಲಿಂದ ಮೇಲಿನ ಸೊಂಟಪಟ್ಟಿಯ ಬಳೆಗೆ. ಎರಡಕ್ಕೂ ಹೋಗಲೇಬೇಕು. ಗಂಟು ಹೊಟ್ಟೆಯಿಂದ ಒಂದು ಮುಷ್ಟಿ ದೂರದಲ್ಲಿರಲಿ. ಉದ್ದ ಬಿಟ್ಟರೆ ಮುಖಕ್ಕೆ ಬಡಿಯುತ್ತದೆ, ಹತ್ತುತ್ತಾ ಹಗ್ಗವನ್ನು ಕೊಂಡಿಗೆ ಸಿಕ್ಕಿಸುವಾಗ ಅಡ್ಡ ಬರುತ್ತದೆ.

ಈಗ ನಿಧಾನ. ಹಾರ್ನೆಸ್‌ನಿಂದ ಹೊರಬಂದ ತುದಿ ಮೊದಲ ಎಂಟು ನಡೆದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು. ಗದ್ದೆ ಬದುವಿನ ಮೇಲೆ ಮುಂದೆ ಅಪ್ಪ, ಹಿಂದೆ ಮಗಳು ನಡೆದ ಹಾಗೆ. ಅವರು ತಿರುಗಿದ ಕಡೆ ಇವಳೂ ತಿರುಗಬೇಕು, ಅವರನ್ನು ದಾಟಬಾರದು. ಗಂಟಿನಿಂದ ಹಾರ್ನೆಸ್ ಕಡೆಗೆ ಹೊರಟ ಎಳೆ ಇದೆಯಲ್ಲ, ಅದರ ಪಕ್ಕದಿಂದ ಒಳಗೆ ಹೋಗಿ. ಪ್ರತಿ ತಿರುವಿನಲ್ಲೂ ಪಕ್ಕಪಕ್ಕ. ಕೊನೆಗೆ ತುದಿ ಮೂಲದ ಜೊತೆಯಲ್ಲೇ ಹೊರಗೆ ಬರಬೇಕು.

ಗಂಟನ್ನು ಬಿಗಿಯುವ ಮೊದಲು ಒಪ್ಪ ಮಾಡಿ. ಎಳೆಗಳು ಒಂದರ ಮೇಲೊಂದು ಹತ್ತಿದ್ದರೆ ಬೆರಳಿನಿಂದ ಸರಿಸಿ ಪಕ್ಕಕ್ಕೆ ತನ್ನಿ. ಮುಡಿಗೆ ಜಡೆ ಹಾಕುವಾಗ ಹೇಗೆ ಒಂದೊಂದು ಕಾಲನ್ನೂ ಚಪ್ಪಟೆ ಕೂರಿಸುತ್ತೇವೆ, ಹಾಗೆ. ನಂತರ ನಾಲ್ಕು ಎಳೆಯನ್ನೂ ಒಂದೊಂದಾಗಿ ಎಳೆದು ಬಿಗಿಯಿರಿ. ಒಟ್ಟಿಗೆ ಎಳೆದರೆ ಒಳಗೆ ಒಂದು ಎಳೆ ಸಡಿಲ ಉಳಿಯುತ್ತದೆ.

ಈಗ ಎಣಿಸಿ. ಗಂಟಿನ ಮೇಲೆ ಜೋಡಿ ಜೋಡಿಯಾಗಿ ಹೋಗುವ ಎಳೆಗಳು ಐದು ಜೋಡಿ ಇರಬೇಕು. ನನ್ನ ಜೊತೆ ಬರುವ ಮಕ್ಕಳು ಬಾಯಿಬಿಟ್ಟು ಎಣಿಸುತ್ತಾರೆ, ಜೋಡಿ ಒಂದು, ಜೋಡಿ ಎರಡು, ಅಂತ. ಒಂದು ಜೋಡಿ ತಪ್ಪಿದರೂ ಪೂರ್ತಿ ಬಿಚ್ಚಿ ಮತ್ತೆ. ಉಳಿದ ತುದಿ ಹಗ್ಗದ ದಪ್ಪದ ಹತ್ತರಷ್ಟಾದರೂ ಇರಲಿ, ಅಂದರೆ 10 ಮಿ.ಮೀ. ಹಗ್ಗಕ್ಕೆ 10 ಸೆಂ.ಮೀ. ನಾನು ಮುಕ್ಕಾಲು ಗೇಣು ಬಿಡುತ್ತೇನೆ.

ಈ ಗಂಟನ್ನು ಹತ್ತುವವರೆಲ್ಲ ಯಾಕೆ ಒಪ್ಪಿಕೊಂಡಿದ್ದಾರೆ ಅಂದರೆ, ಇದನ್ನು ಇನ್ನೊಬ್ಬರು ಓದಬಹುದು. ನಾಲ್ಕು ಅಡಿ ದೂರದಲ್ಲಿ ನಿಂತ ಜೊತೆಗಾರ ಒಂದು ನೋಟದಲ್ಲಿ ಸರಿಯೋ ತಪ್ಪೋ ಹೇಳಬಹುದು.

ಮಧ್ಯದಲ್ಲಿ ಬಿಟ್ಟ ಗಂಟು

ಗಂಟು ಹಾಕಲು ಶುರು ಮಾಡಿದ ಮೇಲೆ ಯಾರು ಕರೆದರೂ ತಲೆ ಎತ್ತಬೇಡಿ. ಫೋನ್ ಬಂದರೆ ಬರಲಿ. ಈ ನಿಯಮ ನನ್ನದಲ್ಲ, ಹತ್ತುವವರ ಲೋಕ ನೋವು ತಿಂದು ಕಲಿತದ್ದು.

ಅಮೆರಿಕದ ಲಿನ್ ಹಿಲ್ ತಮ್ಮ ಕಾಲದ ಅತ್ಯಂತ ದೊಡ್ಡ ಕ್ಲೈಂಬರ್‌ಗಳಲ್ಲಿ ಒಬ್ಬರು. 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್ ಎಂಬಲ್ಲಿ ಹತ್ತಲು ನಿಂತಿದ್ದರು. ಹಗ್ಗವನ್ನು ಹಾರ್ನೆಸ್‌ಗೆ ತೂರಿಸಿದರು. ಗಂಟು ಪೂರ್ತಿ ಮಾಡುವ ಮೊದಲೇ ಶೂ ಕಡೆ ಗಮನ ಹೋಯಿತು. ಹಾಗೇ ಹತ್ತಿದರು. ಹಗ್ಗ ಹಾರ್ನೆಸ್‌ನಲ್ಲಿ ಸುಮ್ನೆ ತೂರಿಕೊಂಡೇ ಇತ್ತು. ಮೇಲೆ ತಲುಪಿ ಇಳಿಯಲು ಹಗ್ಗದ ಮೇಲೆ ಭಾರ ಬಿಟ್ಟರು. ಎಪ್ಪತ್ತು ಅಡಿಗೂ ಮೇಲಿಂದ ಬಿದ್ದರು. ಕೆಳಗಿದ್ದ ಮರದ ಕೊಂಬೆಗಳಿಗೆ ಸಿಕ್ಕಿ ಜೀವ ಉಳಿಯಿತು. ನಾಲ್ಕು ವರ್ಷದ ನಂತರ, 1993ರಲ್ಲಿ, ಅಮೆರಿಕದ ಎಲ್ ಕ್ಯಾಪಿಟನ್ ಎಂಬ ಭಾರೀ ಬಂಡೆಯ "ನೋಸ್" ದಾರಿಯನ್ನು ಸಲಕರಣೆಯ ಮೇಲೆ ಭಾರ ಹಾಕದೆ ಕೈಕಾಲಿನ ಬಲದಲ್ಲೇ ಹತ್ತಿದ ಮೊದಲಿಗರು ಅವರೇ. ಅಷ್ಟು ಗೊತ್ತಿದ್ದವರಿಗೂ ಆ ದಿನ ಗಂಟು ಅರ್ಧಕ್ಕೆ ನಿಂತಿತ್ತು.

ಅದಕ್ಕೇ ನೆಲ ಬಿಡುವ ಮೊದಲು ಇಬ್ಬರೂ ಒಬ್ಬರನ್ನೊಬ್ಬರು ನೋಡಬೇಕು, ಮುಟ್ಟಬೇಕು. ನಿಮ್ಮ ಗಂಟು, ಎರಡೂ ಬಳೆಗೆ ಹಗ್ಗ ಹೋಗಿದೆಯಾ, ಸೊಂಟದ ಬಕಲ್. ಕೆಳಗಿಂದ ಹಗ್ಗ ಹಿಡಿದು ಕಾಯುವುದಕ್ಕೆ ಬಿಲೇ ಅನ್ನುತ್ತಾರೆ. ಜೊತೆಗಾರರ ಬಿಲೇ ಸಾಧನದಲ್ಲಿ ಹಗ್ಗ ಸರಿಯಾಗಿ ಕೂತಿದೆಯಾ, ಲೋಹದ ಕೊಂಡಿಯಾದ ಕ್ಯಾರಬಿನರ್‌ನ ಬಾಯಿಗೆ ಬೀಗ ಬಿದ್ದಿದೆಯಾ, ಹಗ್ಗದ ಇನ್ನೊಂದು ಕೊನೆಗೆ ತಡೆಗಂಟು ಇದೆಯಾ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಇಳಿಸುವಾಗ ಹಗ್ಗ ಸಾಲದೆ ಕೊನೆ ಜಾರಿ ಹೋದರೆ ಮೇಲಿರುವವರು ಬೀಳುತ್ತಾರೆ.

ಇದನ್ನೆಲ್ಲ ಓದಿಕೊಂಡು ನೇರವಾಗಿ ಬಂಡೆಗೆ ಹೋಗಬೇಡಿ. ಗಂಟನ್ನು ಮನೆಯಲ್ಲಿ ಕಲಿಯಬಹುದು. ಹತ್ತುವುದನ್ನು, ಬಿಲೇ ಮಾಡುವುದನ್ನು ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಬೋಲೈನ್, ನಮ್ಮಪ್ಪನ ಕರುವಿನ ಗಂಟು

ಆ ದಿನ ಜಗಲಿಯ ಮೇಲೆ ಅಪ್ಪ ತೋರಿಸಿದ್ದು ಇದೇ. ಅವರಿಗೆ ಹೆಸರು ಗೊತ್ತಿರಲಿಲ್ಲ. ಇದರ ಹೆಸರು ಬೋಲೈನ್, ಹಡಗಿನವರು ನೂರಾರು ವರ್ಷದಿಂದ ಹಾಕುತ್ತಿರುವ ಗಂಟು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಕುಂತಿ ಬೆಟ್ಟದ ಬುಡದಲ್ಲಿ ಒಬ್ಬರು ಹಾಕಿ ತೋರಿಸಿದಾಗ ನನ್ನ ಕೈ ಅದನ್ನು ಆಗಲೇ ಬಲ್ಲದು ಅನ್ನಿಸಿ ಕಣ್ಣು ತುಂಬಿತ್ತು.

ಮಕ್ಕಳಿಗೆ ನಾನು ಹೀಗೆ ಹೇಳಿಕೊಡುತ್ತೇನೆ. ಮೂಲದಲ್ಲಿ ಒಂದು ಸಣ್ಣ ಕುಣಿಕೆ ಮಾಡಿ, ತುದಿಯ ಕಡೆಯ ಎಳೆ ಮೇಲಿರಲಿ. ಇದು ಬಾವಿ. ಮೇಲಕ್ಕೆ ಹೋಗುವ ಮೂಲ ರಾಟೆಯ ಕಂಬ. ತುದಿ ಕೊಡ. ಕೊಡ ಬಾವಿಯ ಕೆಳಗಿನಿಂದ ಮೇಲೆ ಬರುತ್ತದೆ. ಕಂಬದ ಹಿಂದಿನಿಂದ ಸುತ್ತುತ್ತದೆ. ಮತ್ತೆ ಅದೇ ಬಾವಿಗೆ ಇಳಿಯುತ್ತದೆ. ತುದಿಯನ್ನೂ ಅದರ ಪಕ್ಕದ ಎಳೆಯನ್ನೂ ಒಂದು ಕೈಯಲ್ಲಿ, ಮೂಲವನ್ನು ಇನ್ನೊಂದು ಕೈಯಲ್ಲಿ ಹಿಡಿದು ಎಳೆಯಿರಿ.

ಈಗ ದೊಡ್ಡ ಕುಣಿಕೆಯೊಳಗೆ ಕೈ ಹಾಕಿ ಜಗ್ಗಿ ನೋಡಿ. ಎಷ್ಟು ಎಳೆದರೂ ಅಳತೆ ಬದಲಾಗುವುದಿಲ್ಲ. ಹಸು, ಕರು, ನಾಯಿ, ನೀರಿಗೆ ಬಿದ್ದ ಮನುಷ್ಯ, ಉಸಿರಿರುವ ಯಾವುದಕ್ಕೇ ಆದರೂ ಇದೇ. ದನದ ಕುತ್ತಿಗೆಗೆ ಹಾಕುವಾಗ ನಿಮ್ಮ ಅಂಗೈ ಒಳಗೆ ಸಲೀಸಾಗಿ ಹೋಗುವಷ್ಟು ಬಿಡಿ. ಅದಕ್ಕಿಂತ ಜಾಸ್ತಿ ಬಿಟ್ಟರೆ ಕಾಲು ಸಿಕ್ಕಿಕೊಳ್ಳುತ್ತದೆ.

ಬಿಚ್ಚುವುದೂ ಸುಲಭ. ಕಂಬದ ಹಿಂದೆ ಸುತ್ತಿದ ಎಳೆಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಬಾಗಿಸಿದರೆ ಗಂಟಿನ ಬೆನ್ನು ಮುರಿಯುತ್ತದೆ. ಆದರೆ ಬಿಚ್ಚಲು ಸುಲಭ ಅನ್ನುವುದೇ ಇದರ ಅಪಾಯವೂ ಹೌದು. ಭಾರ ಬೀಳುವುದು, ಬಿಡುವುದು, ಅಲುಗುವುದು ನಡೆಯುತ್ತಲೇ ಇದ್ದರೆ ಸಡಿಲವಾಗುತ್ತದೆ. ಸುಲಭವಾಗಿ ಬಾಗದ ಬಿರುಸು ಹಗ್ಗದಲ್ಲಿ ಇನ್ನೂ ಬೇಗ. ಅದಕ್ಕೆ ಉಳಿದ ತುದಿಯಿಂದ ಕುಣಿಕೆಯ ಎಳೆಗೆ ಎರಡು ಸುತ್ತು ಸುತ್ತಿ ಒಂದು ತಡೆಗಂಟು ಹಾಕಲೇಬೇಕು. ಮಕ್ಕಳಿಗೆ ಹಾರ್ನೆಸ್ ಕಟ್ಟಲು ನಾನು ಬೋಲೈನ್ ಬಿಡುವುದಿಲ್ಲ. ಅಲ್ಲಿ ಎಂಟರದ್ದೇ.

ಹಾಗಂತ ಜೀರುಗುಣಿಕೆ ಕೆಟ್ಟದ್ದು ಅಂತಲ್ಲ. ಬಿಂದಿಗೆಗೆ, ಸೌದೆ ಹೊರೆಗೆ, ಹುಲ್ಲಿನ ಕಂತೆಗೆ ಅದೇ ಬೇಕು. ಎಳೆದಷ್ಟೂ ಬಿಗಿಯುವುದು ಅಲ್ಲಿ ಗುಣ.

ಕಂಬಕ್ಕೆ ಕಟ್ಟುವುದು

ಚಪ್ಪರದ ಗಳಕ್ಕೆ, ಬಟ್ಟೆ ಒಣಗಿಸುವ ಕಂಬಕ್ಕೆ ಕ್ಲೋವ್ ಹಿಚ್ ಅನ್ನುವ ಗಂಟು ಸಾಕು. ಒಂದು ಸುತ್ತು ಸುತ್ತಿ, ಮೊದಲ ಎಳೆಯ ಮೇಲೆ ಓರೆಯಾಗಿ ದಾಟಿ ಇನ್ನೊಂದು ಸುತ್ತು ಸುತ್ತಿ, ತುದಿಯನ್ನು ಆ ಓರೆ ಎಳೆಯ ಅಡಿಗೆ ತೂರಿಸಿ. ಹಿಂದಿನಿಂದ ನೋಡಿದರೆ ಎರಡು ಬಳೆ, ಮುಂದಿನಿಂದ ಅವುಗಳ ಮೇಲೆ ಒಂದು ಓರೆ ಪಟ್ಟಿ. ಹತ್ತುವವರು ಇದನ್ನು ಕ್ಯಾರಬಿನರ್‌ಗೆ ಹಾಕಿ, ಬಂಡೆಗೆ ಭದ್ರ ಮಾಡಿದ ಆಂಕರ್‌ನಲ್ಲಿ ನಿಲ್ಲುತ್ತಾರೆ, ಯಾಕೆಂದರೆ ಬಿಚ್ಚದೆಯೇ ಉದ್ದ ಹೆಚ್ಚುಕಡಿಮೆ ಮಾಡಬಹುದು. ನುಣುಪಾದ ಸ್ಟೀಲ್ ಕಂಬದಲ್ಲಿ ಜಾರುತ್ತದೆ. ಅಂಥ ಕಡೆ ಪೂರ್ತಿ ಎರಡು ಸುತ್ತು ಸುತ್ತಿ, ಮೂಲದ ಮೇಲೆ ಎರಡು ಅರ್ಧಗಂಟು ಹಾಕಿ. ತುದಿಯನ್ನು ಮೂಲಕ್ಕೆ ಒಂದು ಸುತ್ತು ಹಾಕಿ ಆ ಸುತ್ತಿನೊಳಗಿಂದಲೇ ತೆಗೆದರೆ ಅರ್ಧಗಂಟು. ಜೋಕಾಲಿಗೂ ಈ ಎರಡನೆಯದೇ. ಮಕ್ಕಳು ಕೂರುವ ಮೊದಲು ದೊಡ್ಡವರು ಕೂತು ಜಗ್ಗಿ ನೋಡಿ.

ಲಗೇಜು ಬಿಗಿಯುವ ಗಂಟು

ಕಬ್ಬು ತುಂಬಿದ ಗಾಡಿ ನಾಲೆ ಏರಿಯ ಮೇಲೆ ಓಲಾಡುತ್ತಾ ಹೋಗುವುದನ್ನು ಮಂಡ್ಯದ ಕಡೆಯವರು ನೋಡೇ ಇರುತ್ತೀರಿ. ಅಷ್ಟು ಎತ್ತರದ ಹೊರೆ ಯಾಕೆ ಬೀಳುವುದಿಲ್ಲ? ಅಪ್ಪ ಹಗ್ಗ ಬಿಗಿಯುವಾಗ ಗಾಡಿಯ ಮರವೇ ಕಿರ್ ಅನ್ನುತ್ತಿತ್ತು. ಅವರು ತೆಳ್ಳಗಿನ ಮನುಷ್ಯ. ಬಲ ಹಗ್ಗದ ಹಾದಿಯಲ್ಲಿತ್ತು. ಟ್ರಕ್ಕರ್ಸ್ ಹಿಚ್ ಅನ್ನುವುದು ಇದನ್ನೇ.

ಹಗ್ಗದ ಒಂದು ಕೊನೆಯನ್ನು ಒಂದು ಬದಿಯ ಕೊಕ್ಕೆಗೆ ಬೋಲೈನ್‌ನಿಂದ ಕಟ್ಟಿ. ಹೊರೆಯ ಮೇಲಿಂದ ಈ ಬದಿಗೆ ಎಸೆಯಿರಿ. ಇಳಿದ ಹಗ್ಗದಲ್ಲಿ ಎದೆಯೆತ್ತರಕ್ಕೆ, ಮೂಲದಲ್ಲಿ ಒಂದು ಸಣ್ಣ ಕುಣಿಕೆ ತಿರುಚಿ. ಅದರ ಕೆಳಗಿನ ಹಗ್ಗವನ್ನು ಮಡಚಿ, ಆ ಮಡಿಕೆಯನ್ನು ಕುಣಿಕೆಯೊಳಗೆ ತೂರಿಸಿ ಎಳೆಯಿರಿ. ಒಂದು ಕಿವಿ ನಿಲ್ಲುತ್ತದೆ. ಮೂಲವನ್ನು ಮೇಲಕ್ಕೆ ಎಳೆದಾಗ ಕಿವಿ ಮುಚ್ಚಿಕೊಳ್ಳಬಾರದು. ಮುಚ್ಚಿದರೆ ತಪ್ಪು ಕಡೆಯ ಹಗ್ಗ ಮಡಚಿದ್ದೀರಿ, ಮತ್ತೆ ಮಾಡಿ. ಈಗ ತುದಿಯನ್ನು ಕೆಳಗಿನ ಕೊಕ್ಕೆಯ ಅಡಿಯಿಂದ ಹಾಯಿಸಿ, ಮೇಲೆ ತಂದು, ಕಿವಿಯೊಳಗೆ ತೂರಿಸಿ, ಕೆಳಕ್ಕೆ ಜಗ್ಗಿ. ಕಿವಿ ರಾಟೆಯಂತೆ ಕೆಲಸ ಮಾಡುತ್ತದೆ. ಲೆಕ್ಕಕ್ಕೆ ಮೂರು ಪಟ್ಟು ಬಲ. ಹಗ್ಗ ಹಗ್ಗಕ್ಕೆ ಉಜ್ಜುವುದರಲ್ಲಿ ತುಂಬಾ ಹೋಗುತ್ತದೆ, ಆದರೂ ಸುಮ್ನೆ ಎಳೆಯುವುದಕ್ಕಿಂತ ಎಷ್ಟೋ ಮೇಲು.

ಬಿಗಿಯಾದ ಮೇಲೆ ತುದಿ ಕಿವಿಯಲ್ಲಿ ತಿರುಗುವ ಜಾಗವನ್ನು ಎಡಗೈ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಚಿವುಟಿ ಹಿಡಿಯಿರಿ. ಈ ಚಿವುಟು ಬಿಟ್ಟರೆ ಬಿಗಿಯೆಲ್ಲ ಹೋಯಿತು. ಬಲಗೈಯಿಂದ ಕಿವಿಯ ಕೆಳಗೆ ಎರಡು ಅರ್ಧಗಂಟು ಹಾಕಿ. ಎರಡನೆಯದನ್ನು ಮಡಿಕೆ ಹಾಕಿ, ಶೂ ಲೇಸಿನ ಹಾಗೆ. ಇಳಿಸುವಾಗ ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ.

ಮೂರು ವರ್ಷದ ಹಿಂದೆ ನಾವು ಮನೆ ಬದಲಾಯಿಸುವಾಗ ಗೂಡ್ಸ್ ಆಟೋದಲ್ಲಿ ಬೀರು ಕಟ್ಟಿದವರು ಹತ್ತು ಹನ್ನೆರಡು ಗಂಟು ಹಾಕಿದ್ದರು. ಒಂದೂ ಬಿಗಿದಿರಲಿಲ್ಲ, ಬರೀ ಗಂಟಿನ ಮೇಲೆ ಗಂಟು. ಬನ್ನಿಮಂಟಪದ ಹತ್ತಿರ ಒಂದು ಉಬ್ಬಿಗೆ ಬೀರು ವಾಲಿತು. ನಿಲ್ಲಿಸಿ, ಎಲ್ಲ ಕೊಯ್ದು, ಎರಡೇ ಹಗ್ಗದಲ್ಲಿ ಹೀಗೆ ಬಿಗಿದೆ. ಹುರಿ ಹಿಡಿದು ಮೀಟಿದರೆ ತಂತಿಯಂತೆ ನುಡಿಯಬೇಕು. ಹತ್ತು ಕಿಲೋಮೀಟರ್ ಹೋದ ಮೇಲೆ ಇಳಿದು ಇನ್ನೊಮ್ಮೆ ಮೀಟಿ ನೋಡಿ, ಸಾಮಾನು ಕೂತ ಹಾಗೆ ಹಗ್ಗ ಸಡಿಲವಾಗಿರುತ್ತದೆ.

ಹತ್ತುವ ಹಗ್ಗದಲ್ಲಿ ಈ ಗಂಟು ಬೇಡ. ನೈಲಾನ್ ನೈಲಾನಿಗೆ ಉಜ್ಜಿದರೆ ಬಿಸಿಯಾಗಿ ಕರಗುತ್ತದೆ.

ಎರಡು ಹಗ್ಗ ಸೇರಿಸುವುದು

ಬಹಳ ಜನ ಇಲ್ಲಿ ತಪ್ಪುತ್ತಾರೆ. ಪೊಟ್ಟಣಕ್ಕೆ ಹಾಕುವ ಚೌಕ ಗಂಟು, ಎಡ ಬಲದ ಮೇಲೆ, ಬಲ ಎಡದ ಮೇಲೆ, ಬ್ಯಾಂಡೇಜಿಗೂ ಚೀಲದ ಬಾಯಿಗೂ ಚೆನ್ನ. ಅದರಿಂದ ಎರಡು ಹಗ್ಗ ಸೇರಿಸಿ ಭಾರ ಹಾಕಬಾರದು. ಒಂದು ತುದಿ ಅಡ್ಡಕ್ಕೆ ಜಗ್ಗಿದರೆ ಗಂಟು ಜಾರಿ ಬಿಚ್ಚಿಹೋಗುತ್ತದೆ. ಎರಡು ಸಲವೂ ಎಡವನ್ನೇ ಮೇಲೆ ಹಾಕಿದರೆ ಇನ್ನೂ ಕೆಟ್ಟದು. ನಿಮ್ಮ ಶೂ ಲೇಸ್ ನೋಡಿಕೊಳ್ಳಿ. ಹೂ ಪಾದಕ್ಕೆ ಅಡ್ಡವಾಗಿ ಕೂತಿದ್ದರೆ ಸರಿ. ಬೆರಳಿನಿಂದ ಹಿಮ್ಮಡಿ ಕಡೆಗೆ ಉದ್ದುದ್ದ ತಿರುಗಿದ್ದರೆ ಎರಡು ಗಂಟೂ ಒಂದೇ ದಿಕ್ಕಿಗೆ ಬಿದ್ದಿವೆ. ಪದೇ ಪದೇ ಬಿಚ್ಚುವುದು ಅದಕ್ಕೇ.

ಒಂದು ದಪ್ಪ, ಒಂದು ಸಣ್ಣ ಹಗ್ಗ ಇದ್ದರೆ ಶೀಟ್ ಬೆಂಡ್. ದಪ್ಪದ್ದನ್ನು ಮಡಚಿ ಹಿಡಿಯಿರಿ, ಸಣ್ಣದನ್ನು ಮಡಿಕೆಯ ಒಳಗಿನಿಂದ ತಂದು, ಎರಡೂ ಕಾಲಿನ ಹಿಂದೆ ಸುತ್ತಿ, ತನ್ನದೇ ಅಡಿಗೆ ತೂರಿಸಿ. ಜಾರುವ ಹಗ್ಗವಾದರೆ ಎರಡು ಸಲ ಸುತ್ತಿ. ಕೆರೆ ಪಂಪಿನ ಹಗ್ಗಕ್ಕೆ, ಟಾರ್ಪಾಲಿನ ಮೂಲೆಗೆ ಬಹಳ ಒಳ್ಳೆಯದು.

ಹತ್ತುವವರಿಗೆ ಬೇಕಾದ್ದು ಮೀನುಗಾರರ ಇಮ್ಮಡಿ ಗಂಟು. ಎರಡು ತುದಿಯನ್ನು ಎದುರುಬದುರಾಗಿ ಪಕ್ಕಪಕ್ಕ ಇಡಿ. ಒಂದರ ತುದಿ ಇನ್ನೊಂದನ್ನೂ ತನ್ನನ್ನೂ ಸೇರಿಸಿ ಎರಡು ಸುತ್ತು ಸುತ್ತಿ, ಆ ಎರಡು ಸುತ್ತಿನ ಒಳಗಿನಿಂದಲೇ ಹೊರಗೆ ಬರಲಿ. ಇನ್ನೊಂದು ತುದಿಯೂ ಹಾಗೇ. ಮೂಲಗಳನ್ನು ಎಳೆದರೆ ಎರಡು ಗಂಟೂ ಜಾರಿ ಬಂದು ಒಂದಕ್ಕೊಂದು ಒರಗುತ್ತವೆ. ಒಂದು ಬದಿಯಲ್ಲಿ X ಆಕಾರದ ಎರಡು ಗುರುತು, ಇನ್ನೊಂದು ಬದಿಯಲ್ಲಿ ನಾಲ್ಕು ನೇರ ಸಾಲು ಕಾಣಿಸಿದರೆ ಸರಿ.

6 ಮಿ.ಮೀ. ದಾರವನ್ನು ಹೀಗೆ ಬಳೆ ಮಾಡಿ, ಆ ಬಳೆಯನ್ನು ದೊಡ್ಡ ಹಗ್ಗಕ್ಕೆ ಅದರೊಳಗಿಂದಲೇ ಮೂರು ಸುತ್ತು ಸುತ್ತಿ ಎಳೆದರೆ ಪ್ರೂಸಿಕ್. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಹತ್ತುವವರಿಗೆ ಪರಿಚಯಿಸಿದರು. ಭಾರ ಇಲ್ಲದಾಗ ಕೈಯಿಂದ ಮೇಲೆ ಕೆಳಗೆ ಜರುಗುತ್ತದೆ. ಭಾರ ಬಿದ್ದ ಕೂಡಲೇ ಕಚ್ಚುತ್ತದೆ. ತೆಂಗಿನ ಮರ ಹತ್ತುವವರು ಎರಡು ಪಾದಕ್ಕೂ ಸೇರಿಸಿ ಹಾಕಿಕೊಳ್ಳುವ ಹಗ್ಗದ ಬಳೆ ಇದೆಯಲ್ಲ, ಮೈ ಭಾರವೇ ಅವರನ್ನು ಮರಕ್ಕೆ ಒತ್ತಿ ಹಿಡಿಯುತ್ತದೆ. ಇಲ್ಲೂ ಅದೇ ಉಪಾಯ. ದಾರ ಹಗ್ಗಕ್ಕಿಂತ ಸಣ್ಣಗಿರಬೇಕು. ಎರಡೂ ಒಂದೇ ದಪ್ಪವಾದರೆ ಸರಿಯಾಗಿ ಕಚ್ಚುವುದಿಲ್ಲ.

ಕಗ್ಗಂಟಾದರೆ

ಹಲ್ಲಿನಿಂದ ಕಚ್ಚಬೇಡಿ, ಮೊಳೆ ಹಾಕಿ ಚುಚ್ಚಬೇಡಿ, ಎಳೆ ಕಿತ್ತುಹೋಗುತ್ತದೆ. ಗಂಟನ್ನು ಎರಡು ಅಂಗೈ ನಡುವೆ ಇಟ್ಟು ಜೋಳದ ತೆನೆ ಉಜ್ಜುವಂತೆ ಉಜ್ಜಿ. ಆಮೇಲೆ ಮೂಲವನ್ನು ಗಂಟಿನೊಳಕ್ಕೆ ತಳ್ಳಿ. ಬಿಚ್ಚುವಾಗ ಎಳೆಯುವುದಕ್ಕಿಂತ ತಳ್ಳುವುದು ಜಾಸ್ತಿ ಕೆಲಸ ಮಾಡುತ್ತದೆ. ನೈಲಾನ್ ಹಗ್ಗ ಕೊಯ್ದರೆ ತುದಿಯನ್ನು ಮೇಣದಬತ್ತಿಗೆ ಹಿಡಿದು ಕರಗಿಸಿ, ಒದ್ದೆ ಬಟ್ಟೆಯಲ್ಲಿ ಒತ್ತಿ. ಬೆರಳಲ್ಲಿ ಒತ್ತಬೇಡಿ, ಕರಗಿದ ನೈಲಾನ್ ಚರ್ಮಕ್ಕೆ ಅಂಟಿ ಸುಡುತ್ತದೆ. ನಾರಿನ ಹಗ್ಗಕ್ಕೆ ನೂಲು ಸುತ್ತಿ ಕಟ್ಟಿ.

ಅಭ್ಯಾಸಕ್ಕೆ ಎರಡು ಮೀಟರ್ ಹಗ್ಗ ಅಡುಗೆಮನೆ ಬಾಗಿಲ ಹಿಂದೆ ನೇತು ಹಾಕಿ. ಕುಕ್ಕರ್ ಮೂರು ಕೂಗು ಕೂಗುವಷ್ಟರಲ್ಲಿ ಎಂಟರ ಗಂಟನ್ನು ನಾಲ್ಕು ಸಲ ಹಾಕಿ ಬಿಚ್ಚಬಹುದು. ವಾರಕ್ಕೆ ಒಂದೇ ಗಂಟು ಕಲಿಯಿರಿ. ಎರಡು ಒಟ್ಟಿಗೆ ಕಲಿತರೆ ಕೈ ಗೊಂದಲ ಮಾಡಿಕೊಳ್ಳುತ್ತದೆ. ಆಮೇಲೆ ಕೈ ಒದ್ದೆ ಮಾಡಿಕೊಂಡು ಹಾಕಿ, ಬೆನ್ನ ಹಿಂದೆ ಹಾಕಿ. ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಹುಡುಕುವ ಬದಲು ಆ ಹಗ್ಗ ತೆಗೆದುಕೊಂಡು ಕೂತು, ಸೊಂಟಕ್ಕೆ ಬೆಲ್ಟಿನ ಮೇಲೆ ಇಮ್ಮಡಿ ಎಂಟು ಕಟ್ಟಿ. ದೀಪ ಬಂದ ಮೇಲೆ ಜೋಡಿ ಎಣಿಸಿ. ಐದಿರಬೇಕು.